ಹೊಸ ಗಾಡಿಗೆ ಹಳೇ ಬಾಡಿ

ಬಳ್ಳಾರಿಯ ಕೌಲ್ ಬಜಾರ್ ಕಡೆ ನನಗೆ ಪರಿಚಯದ ಒಬ್ಬ ಟಿಂಕರಿಂಗ್ ಮಿಸ್ತ್ರಿ ಇದ್ದಾರೆ. ಲಾರಿ ಬಾಗಿಲಿನಿಂದ ಟ್ರ್ಯಾಕ್ಟರ್ ಟ್ರೇಲರ್‌ವರೆಗೆ ಅವರು ಬಡಿದು ನೇರ ಮಾಡದ ತಗಡಿಲ್ಲ. ಓಣಿಗೆಲ್ಲ ಅವರು ಚಾಚಾ. ಹೋದ ಬೇಸಿಗೆಯಲ್ಲಿ ನನ್ನ ಕಾರಿನ ಬಂಪರ್ ಸರಿಮಾಡಿಸಲು ಹೋದವನು, ಸುಮ್ಮನೆ ಕೂರಲಾರದೆ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದೆ. ನೋಡಲು 1963ರ ಷೆವರ್ಲೆ ಕಾರ್ವೆಟ್ ಎಂಬ ಅಮೆರಿಕದ ಸ್ಪೋರ್ಟ್ಸ್ ಕಾರು. ಚೂಪು ಮೂತಿ, ಉಬ್ಬಿದ ಮಡ್‌ಗಾರ್ಡು, ಹಿಂದಿನ ಗಾಜನ್ನು ಎರಡು ಹೋಳು ಮಾಡಿ ನಡುವೆ ಇಳಿದ ಬೆನ್ನುಹುರಿಯಂಥ ಪಟ್ಟಿ.

"ಇದು ಹಳೇದಲ್ಲ ಚಾಚಾ. ಒಳಗಿರೋದು 2005ರ ಆಮೇಲಿನ ಗಾಡಿ. ಮೇಲಿನ ಬಾಡಿ ಬಿಚ್ಚಿ ಒಗೆದು ಹಳೇ ಆಕಾರದ್ದು ಕೂಡಿಸ್ಯಾರ" ಅಂದೆ.

ಚಾಚಾ ಕನ್ನಡಕ ಏರಿಸಿ ನೋಡಿದರು. "ನಮ್ಮತ್ರ ಬರೋರೆಲ್ಲ ಹಳೇ ಗಾಡಿ ತಂದು ಹೊಸದು ಕಾಣೋಂಗ ಮಾಡಿಕೊಡು ಅಂತಾರ. ಹೊಸಾ ಗಾಡಿ ತಂದು ಹಳೇದು ಮಾಡು ಅನ್ನೋ ಗಿರಾಕಿ ಎಲ್ಲಿ ಸಿಗ್ತಾನ ತಮ್ಮಾ?"

ಅವರ ಗ್ಯಾರೇಜಿನಿಂದ ಸ್ವಲ್ಪ ದೂರ ಹೋದರೆ ಇಂಥ ಗಿರಾಕಿಗಳಿಂದಲೇ ಬದುಕುವ ಉದ್ಯಮ ಈ ಊರಲ್ಲಿದೆ. ಬಳ್ಳಾರಿ ಜೀನ್ಸ್. ಹೊಲಿಗೆ ಮುಗಿದ ಹೊಚ್ಚ ಹೊಸ ಪ್ಯಾಂಟನ್ನು ವಾಷಿಂಗ್ ಯೂನಿಟ್ಟಿಗೆ ಒಯ್ದು, ಹಗುರ ಕಲ್ಲುಗಳ ಜೊತೆ ಡ್ರಮ್ಮಿನಲ್ಲಿ ತಿರುಗಿಸಿ, ತೊಡೆಯ ಹತ್ತಿರ ಉಜ್ಜಿ ಬಣ್ಣ ತೆಗೆದು, ಹತ್ತು ವರ್ಷ ಉಟ್ಟಂತೆ ಮಾಡುತ್ತಾರೆ. ಅದಕ್ಕೆ ಹೆಚ್ಚು ದುಡ್ಡು. ಆ ಕೆಲಸದಲ್ಲಿ ಕೈ ಪಳಗಿದವರಿಗೆ ಒಂದು ಮಾತು ಗೊತ್ತು: ಬಣ್ಣ ಮಾಸುವ ಗೆರೆ ಎಲ್ಲೆಂದರಲ್ಲಿ ಬರಬಾರದು. ಮನುಷ್ಯ ಕೂತಾಗ ಬಟ್ಟೆ ಎಲ್ಲಿ ಮಡಿಯುತ್ತದೋ ಅಲ್ಲೇ ಬರಬೇಕು. ಮೊಣಕಾಲಿನ ಗೆರೆ ನಾಲ್ಕು ಬೆರಳು ಕೆಳಗಿಳಿದರೆ ಯಾರ ಕಣ್ಣಿಗಾದರೂ ಏನೋ ತಪ್ಪಿದೆ ಅನಿಸುತ್ತದೆ, ಏನು ಅಂತ ಹೇಳಲು ಬಾರದಿದ್ದರೂ.

ಹೊಸ ಸ್ಪೋರ್ಟ್ಸ್ ಕಾರಿಗೆ ಹಳೆಯ ಬಾಡಿ ತೊಡಿಸುವ ಕಸುಬಿನ ಕಷ್ಟವೂ ಇದೇ. ಆಕಾರ ನಕಲು ಮಾಡುವುದು ಸುಲಭ. ಒಳಗಿನ ದೇಹದ ಮಡಿಕೆಗಳು ಎಲ್ಲಿವೆಯೋ ಅಲ್ಲಿಗೆ ಆ ಆಕಾರವನ್ನು ಹೊಂದಿಸುವುದು ಕಷ್ಟ.

ಮೊದಲು ಒಳಗಿನ ದೇಹ ಅಂದರೆ ಏನು ಅಂತ ನೋಡೋಣ. ಹೆದ್ದಾರಿಯಲ್ಲಿ ಓಡಾಡುವವರು ಬೋಳು ಲಾರಿಗಳನ್ನು ಕಂಡಿರುತ್ತೀರಿ. ಕ್ಯಾಬಿನ್ ಇಲ್ಲ, ಬಾಗಿಲಿಲ್ಲ, ಹಿಂದೆ ತೊಟ್ಟಿಯಿಲ್ಲ. ಎರಡು ಉದ್ದನೆಯ ಕಬ್ಬಿಣದ ಹಳಿ, ಚಕ್ರ, ಎಂಜಿನ್, ಸ್ಟಿಯರಿಂಗ್. ಡ್ರೈವರ್ ಮುಖಕ್ಕೆ ಟವೆಲ್ ಸುತ್ತಿಕೊಂಡು, ಬಿಸಿಲುಗನ್ನಡಕ ಹಾಕಿಕೊಂಡು, ಗಾಳಿಗೆ ಎದೆಯೊಡ್ಡಿ ಕೂತಿರುತ್ತಾನೆ. ಕಂಪನಿಯಿಂದ ಹೊರಟ ಚಾಸಿಸ್ ಬಾಡಿ ಕಟ್ಟುವವರ ಹತ್ತಿರ ಹೋಗುತ್ತಿರುತ್ತದೆ. ಮುಂದೆ ಮೂತಿಯಷ್ಟೇ ಇದ್ದರೆ ಅದನ್ನು ಕೌಲ್ ಚಾಸಿಸ್ ಅನ್ನುತ್ತಾರೆ. (ನಮ್ಮ ಕೌಲ್ ಬಜಾರಿಗೂ ಈ ಕೌಲಿಗೂ ಸಂಬಂಧವಿಲ್ಲ; ಆದರೂ ಪ್ರತಿ ಸಲ ನನಗೆ ನಗು ಬರುತ್ತದೆ.) ಇಂಥ ಗಾಡಿಯಲ್ಲಿ ಬಾಡಿ ಏನನ್ನೂ ಹೊರುವುದಿಲ್ಲ. ಹೊರುವುದೆಲ್ಲ ಕೆಳಗಿನ ಚಾಸಿಸ್. ಬಾಡಿ ಬದಲಾದರೂ ಗಾಡಿ ಓಡುತ್ತದೆ.

ಕಾರುಗಳೂ ಒಂದು ಕಾಲಕ್ಕೆ ಹೀಗೇ ಇದ್ದವು. ರೋಲ್ಸ್ ರಾಯ್ಸ್ ಚಾಸಿಸ್ ಮಾತ್ರ ಮಾರುತ್ತಿತ್ತು, ಬಾಡಿ ಕಟ್ಟಿಸಿಕೊಳ್ಳುವುದು ಗಿರಾಕಿಯ ಪಾಡು. 1948ರವರೆಗೆ ರಾಯಚೂರು, ಕೊಪ್ಪಳ ಸೀಮೆಯನ್ನು ಆಳಿದ ಹೈದರಾಬಾದ್ ನಿಜಾಮರ 1912ರ ಸಿಲ್ವರ್ ಘೋಸ್ಟ್ ಈಗಲೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ. ಹಳದಿ ಬಣ್ಣ, ಒಳಗೆ ಸಿಂಹಾಸನದಂಥ ಆಸನ. ಆ ಬಾಡಿ ಕಟ್ಟಿದ್ದು ರೋಲ್ಸ್ ರಾಯ್ಸ್ ಅಲ್ಲ, ಲಂಡನ್ನಿನ ಬಾರ್ಕರ್ ಎಂಬ ಕೋಚ್‌ಬಿಲ್ಡರ್. ಅಂದಿನವರಿಗೆ ಇದು ಲಾರಿಗೆ ತೊಟ್ಟಿ ಕಟ್ಟಿಸಿದಷ್ಟೇ ಮಾಮೂಲಿ ವ್ಯವಹಾರ.

ಈಗ ಕಾರ್ವೆಟ್‌ಗೆ ಬನ್ನಿ. 1953ರಿಂದಲೂ ಅದರ ಬಾಡಿ ಫೈಬರ್‌ಗ್ಲಾಸ್‌ನಂಥ ಹಗುರ ವಸ್ತುವಿನದು, ಭಾರ ಹೊರುವುದು ಒಳಗಿನ ಬೇರೆ ಚೌಕಟ್ಟು. ಕಾರುಪ್ರಿಯರು ಸಿ6 ಎಂದು ಕರೆಯುವ 2005ರಿಂದ 2013ರವರೆಗಿನ ಮಾದರಿಯಲ್ಲೂ ಹೊರಗಿನ ಹಾಳೆಗಳನ್ನು ಬಿಚ್ಚಿ ತೆಗೆದರೆ ಕಾರು ಕುಸಿಯುವುದಿಲ್ಲ, ಅಸ್ಥಿಪಂಜರ ನಿಂತೇ ಇರುತ್ತದೆ. ಅಮೆರಿಕದಲ್ಲಿ ಹಳೆ ಕಾರ್ವೆಟ್‌ನ ಬಾಡಿ ತೊಡಿಸುವವರು ಸಿ6 ಮತ್ತು ಅದರ ಹಿಂದಿನ ಮಾದರಿಯಾದ ಸಿ5ಗಳನ್ನು ಹುಡುಕಿಕೊಂಡು ಹೋಗುವುದು ಇದಕ್ಕೇ. 1963ರ ಕಾರ್ವೆಟ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಡಿಸ್ಕ್ ಬಂದಿದ್ದು 1965ರ ಮಾದರಿಗೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಆ ಮುಖವೂ ಬೇಕು, ಒದ್ದರೆ ನಿಲ್ಲುವ ಬ್ರೇಕೂ ಬೇಕು, ತಣ್ಣಗಿನ ಎಸಿಯೂ ಬೇಕು ಅನ್ನುವವನಿಗೆ ಇದೊಂದು ದಾರಿ. ಬಳ್ಳಾರಿಯ ಮೇ ತಿಂಗಳಲ್ಲಿ ಕಾರ್ಬ್ಯುರೇಟರ್ ಕಾಲದ ಕಾರು ಓಡಿಸಿ, ಕಾದ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ ಉಸಿರು ಕಟ್ಟಿದ್ದನ್ನು ಕಂಡವರಿಗೆ ಆ ಆಸೆ ಅತಿಯೆನಿಸದು.

ಬಿಚ್ಚಲು ಬರುತ್ತದೆ, ಸರಿ. ತೊಡಿಸಲು ಹೋದಾಗ ಅಳತೆ ಎದುರು ನಿಲ್ಲುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುಬಿಂದುಗಳ ಅಂತರಕ್ಕೆ ವೀಲ್‌ಬೇಸ್ ಅನ್ನುತ್ತಾರೆ. 1963ರ ಕಾರ್ವೆಟ್‌ನದು 98 ಇಂಚು. ಸಿ6ನದು 105.7 ಇಂಚು. ವ್ಯತ್ಯಾಸ ಹತ್ತಿರತ್ತಿರ 8 ಇಂಚು, ಅಂದರೆ ಒಂದು ಗೇಣು. ಅಗಲದಲ್ಲೂ ಹೊಸದು 3 ಇಂಚು ದಪ್ಪ. ಹಾಗಾಗಿ ಹಳೆ ಕಾರಿನ ಬಾಡಿಯ ಅಚ್ಚು ತೆಗೆದು ನೇರವಾಗಿ ಕೂರಿಸಲು ಬರುವುದಿಲ್ಲ. ಎಲ್ಲೋ ಒಂದು ಕಡೆ ಆ ಗೇಣನ್ನು ಸೇರಿಸಲೇಬೇಕು. ಬಾಗಿಲನ್ನು ಉದ್ದ ಮಾಡಿದರೆ ಕಾರಿನ ನಡು ಜೋಲುತ್ತದೆ. ಮೂತಿಯಲ್ಲಿ ಸೇರಿಸಿದರೆ ಮುಂಚಕ್ರ ಬಾಗಿಲಿನಿಂದ ದೂರ ಓಡುತ್ತದೆ. ಎಲ್ಲ ಕಡೆ ಚೂರು ಚೂರು ಹಂಚಿದರೆ ಯಾವ ಗೆರೆಯೂ ಮೂಲದ ಗೆರೆಯಾಗಿ ಉಳಿಯುವುದಿಲ್ಲ. ಒಳ್ಳೆಯ ವಿನ್ಯಾಸಗಾರ ಮೂರನೆಯದನ್ನೇ ಆರಿಸುತ್ತಾನೆ. ಅಂದರೆ ಅವನು ಹಳೆಯ ಕಾರನ್ನು ನಕಲು ಮಾಡುವುದಿಲ್ಲ. ಹಳೆಯದರ ಬಗ್ಗೆ ನಮ್ಮ ತಲೆಯಲ್ಲಿರುವ ನೆನಪನ್ನು ಹೊಸ ಅಳತೆಯಲ್ಲಿ ಮತ್ತೆ ಬರೆಯುತ್ತಾನೆ.

ಚಕ್ರದ್ದು ಇನ್ನೊಂದು ತಕರಾರು. ಹಳೆ ಕಾರ್ವೆಟ್‌ಗೆ 15 ಇಂಚಿನ ಚಕ್ರ. ಸಿ6ಗೆ ಮುಂದೆ 18, ಹಿಂದೆ 19. ದೊಡ್ಡ ಬ್ರೇಕು ಒಳಗೆ ಕೂತಿರುವುದರಿಂದ ಚಕ್ರ ಚಿಕ್ಕದು ಮಾಡಲು ಬಾರದು. ಹಳೆಯ ಬಾಡಿಯನ್ನು ಮೂಲದ ಎತ್ತರದಲ್ಲೇ ಇಟ್ಟು ಈ ಚಕ್ರ ತೂರಿಸಿದರೆ, ಹುಡುಗ ಅಪ್ಪನ ಬೂಟು ಹಾಕಿಕೊಂಡು ಶಾಲೆಗೆ ಹೊರಟ ಹಾಗೆ ಕಾಣುತ್ತದೆ. ಅದಕ್ಕೇ ಬಾಡಿಯನ್ನೂ ಕೊಂಚ ಹಿಗ್ಗಿಸುತ್ತಾರೆ. ಹಿಗ್ಗಿಸಿದ ಮೇಲೆ ಫೋಟೋದಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಅಸಲಿ ಕಾರಿನ ಪಕ್ಕ ನಿಲ್ಲಿಸಿದಾಗ ಮಾತ್ರ ಅಣ್ಣ ತಮ್ಮ ಯಾರು ಅನ್ನುವುದು ಗೊತ್ತಾಗುತ್ತದೆ.

ಜಪಾನಿನ ಮಿತ್ಸುವೋಕಾ ಕಂಪನಿಯ ಕಥೆ ಇದಕ್ಕೆ ಉಲ್ಟಾ. ತನ್ನ 50ನೇ ವರ್ಷದ ನೆನಪಿಗೆ 2018ರಲ್ಲಿ ಅದು ರಾಕ್ ಸ್ಟಾರ್ ಎಂಬ ಕಾರು ತಂದಿತು. ಮುಖ ಅದೇ 1960ರ ದಶಕದ ಕಾರ್ವೆಟ್‌ನದು, ಒಳಗಿರುವುದು ಮಾಜ್ದಾ ಎಂಎಕ್ಸ್-5. ಮಾಜ್ದಾದ ವೀಲ್‌ಬೇಸ್ 2310 ಮಿಲಿಮೀಟರು, ಹಳೆ ಕಾರ್ವೆಟ್‌ನದು 2489. ಇಲ್ಲಿ ಬಾಡಿಯನ್ನು ಎಳೆಯುವ ಬದಲು ಕುಗ್ಗಿಸಬೇಕಾಯಿತು. ಫಲ ಒಂದು ಥರ ಮುದ್ದಾಗಿದೆ. ಜಾತ್ರೆಯಲ್ಲಿ ಕೊಂಡ ಆಟಿಕೆ ಕಾರ್ವೆಟ್ ದೊಡ್ಡದಾದಂತೆ. ಇದೇ ಕಂಪನಿಯ ಹಿಮಿಕೋ ಎಂಬ ಇನ್ನೊಂದು ಕಾರಿನಲ್ಲಿ ಅವರು ಕುಗ್ಗಿಸುವ ಗೋಜಿಗೇ ಹೋಗಲಿಲ್ಲ. ಮಾಜ್ದಾದ ಮುಂಚಕ್ರಗಳನ್ನೇ ಮುಂದಕ್ಕೆ ತಳ್ಳಿ, ಯುದ್ಧಕ್ಕೂ ಮುಂಚಿನ ಕಾಲದ ಕಾರುಗಳ ಉದ್ದನೆಯ ಮೂಗು ಕಟ್ಟಿಬಿಟ್ಟರು.

ಮೂಳೆಯನ್ನೇ ಕತ್ತರಿಸುವ ಧೈರ್ಯ ಮಾಡಿದವರೂ ಇದ್ದಾರೆ. 1970ರ ದಶಕದ ಲಾನ್ಸಿಯಾ ಸ್ಟ್ರಾಟೋಸ್ ವಿಶ್ವ ರ‍್ಯಾಲಿಯಲ್ಲಿ 1974, 75, 76 ಹೀಗೆ ಸಾಲಾಗಿ ಮೂರು ವರ್ಷ ಗೆದ್ದ ಕಾರು. ಬೆಣೆಯಂಥ ಗಿಡ್ಡ ಆಕಾರ, ವೀಲ್‌ಬೇಸ್ 2180 ಮಿಮೀ ಮಾತ್ರ. ಅದನ್ನು ಮತ್ತೆ ಹುಟ್ಟಿಸಬೇಕೆಂದು ಹೊರಟ ಜರ್ಮನ್ ಉದ್ಯಮಿಯೊಬ್ಬರು ತಳಕ್ಕೆ ಆರಿಸಿಕೊಂಡಿದ್ದು ಫೆರಾರಿ 430 ಸ್ಕುಡೆರಿಯಾ, ಅದರ ವೀಲ್‌ಬೇಸ್ 2600. ಅದರಲ್ಲಿ 200 ಮಿಮೀ ಕತ್ತರಿಸಿ ತೆಗೆದು 2400ಕ್ಕೆ ಇಳಿಸಿದರು. 2010ರಲ್ಲಿ ಹೊರಬಂದ ನ್ಯೂ ಸ್ಟ್ರಾಟೋಸ್ ಇದು. ಅಷ್ಟು ಕತ್ತರಿಸಿದ ಮೇಲೂ ಮೂಲಕ್ಕಿಂತ 220 ಮಿಮೀ ಉದ್ದ! ಆದರೂ ಈ ಬಗೆಯ ಕಾರುಗಳಲ್ಲಿ ನನ್ನ ಕಣ್ಣಿಗೆ ಅತ್ಯಂತ ಸರಿಯೆನಿಸಿದ್ದು ಇದೇ. ಸ್ಟ್ರಾಟೋಸ್‌ನ ಜೀವವಿದ್ದದ್ದು ಅದರ ಗಿಡ್ಡತನದಲ್ಲಿ ಅನ್ನುವುದನ್ನು ಅವರು ಹಿಡಿದಿದ್ದರು. ದೀಪ, ಗೆರೆಗಳನ್ನಷ್ಟೇ ತಂದು ಕೈತೊಳೆದುಕೊಳ್ಳಲಿಲ್ಲ.

ಇಷ್ಟು ಓದಿದವರು, ಹಾಗಾದರೆ ನಮ್ಮ ಅಂಬಾಸಡರ್ ಬಾಡಿಯನ್ನು ಹೊಸ ಕಾರಿಗೆ ಹಾಕಿಸಬಹುದಲ್ಲ ಅಂತ ಕೇಳಬಹುದು. ನನಗೂ ಆ ಕನಸಿತ್ತು. ತೊಡಕು ಇರುವುದು ಇಲ್ಲಿ: ಇಂದಿನ ಸಾಮಾನ್ಯ ಕಾರುಗಳಲ್ಲಿ ಬೇರೆ ಚಾಸಿಸ್ಸೇ ಇಲ್ಲ. ಮಾಡು, ಕಂಬ, ನೆಲ, ಬದಿ ಎಲ್ಲ ಬೆಸುಗೆಯಾಗಿ ಒಂದೇ ಪೆಟ್ಟಿಗೆ. ಇದಕ್ಕೆ ಮಾನೋಕಾಕ್ ಅನ್ನುತ್ತಾರೆ. ಮೊಟ್ಟೆಯ ಚಿಪ್ಪೇ ಮೊಟ್ಟೆಗೆ ಬಲ, ಒಳಗೆ ಮೂಳೆಯಿಲ್ಲ. ಅದರ ಮಾಡು ಕತ್ತರಿಸಿದರೆ ಇಡೀ ಕಾರು ತಿರುಚಿಕೊಳ್ಳುತ್ತದೆ. (ಅಂಬಾಸಡರ್ ಕೂಡ ಮೂಲದ ಮಾರಿಸ್ ಆಕ್ಸ್‌ಫರ್ಡ್‌ನಂತೆ ಮಾನೋಕಾಕೇ.) ಇಂಥ ಕಾರುಗಳಲ್ಲಿ ಬದಲಾಯಿಸಬಹುದಾದದ್ದು ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಹಾಳೆಗಳನ್ನು ಮಾತ್ರ: ಬಾನೆಟ್, ಮುಂದಿನ ಮಡ್‌ಗಾರ್ಡ್, ಬಂಪರ್, ಡಿಕ್ಕಿ ಮುಚ್ಚಳ. ನಡುವಿನ ಪೆಟ್ಟಿಗೆ ಹಾಗೇ ಉಳಿಯುತ್ತದೆ. ರಾಕ್ ಸ್ಟಾರ್ ನೋಡಿದರೆ ಬಾಗಿಲು, ಗಾಜು, ಡ್ಯಾಶ್‌ಬೋರ್ಡ್ ಎಲ್ಲ ಮಾಜ್ದಾದವು ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಮಾನೋಕಾಕ್ ಆಗಿದ್ದೂ ಅದೃಷ್ಟ ಖುಲಾಯಿಸಿದ್ದು ಪೋರ್ಷೆ 911ಗೆ. ಅದರ ಕಾರಣ ಸ್ವಾರಸ್ಯವಾಗಿದೆ. 1963ರಲ್ಲಿ ಮೊದಲು ತೋರಿಸಿದ ಆ ಕಾರಿನ ನಡುಭಾಗವನ್ನು ಪೋರ್ಷೆ ದಶಕಗಟ್ಟಲೆ ಮುಟ್ಟಲೇ ಇಲ್ಲ. 1974ರಲ್ಲಿ ಅಮೆರಿಕದ ಬಂಪರ್ ಕಾನೂನಿಗೆಂದು ಮುಂದೆ ಹಿಂದೆ ದಪ್ಪ ಬಂಪರ್ ಬಂತು, ಬಾನೆಟ್ ಗಿಡ್ಡವಾಯಿತು. 1989ರಲ್ಲಿ 964 ಎಂಬ ಮಾದರಿ ಬಂದಾಗ ಯಂತ್ರಭಾಗಗಳು ಬಹುಪಾಲು ಹೊಸವಾದವು, ಸುರುಳಿ ಸ್ಪ್ರಿಂಗ್, ಎಬಿಎಸ್, ಪವರ್ ಸ್ಟಿಯರಿಂಗ್ ಬಂದವು. ಆದರೆ ಮಾಡು, ಬಾಗಿಲು, ಮುಂಗಾಜಿನ ಚೌಕಟ್ಟು ಹೆಚ್ಚುಕಡಿಮೆ ಅವೇ. ವೀಲ್‌ಬೇಸ್ 1969ರ ಮಾದರಿಗೆ 2268 ಮಿಮೀ, 964ಕ್ಕೆ 2272. ಇಪ್ಪತ್ತು ವರ್ಷದಲ್ಲಿ ನಾಲ್ಕು ಮಿಲಿಮೀಟರು! ಅಪ್ಪನ ಅಂಗಿ ಮಗನಿಗೆ ಭುಜದ ಹೊಲಿಗೆಯವರೆಗೂ ಸರಿಹೊಂದಿದ ಹಾಗೆ.

ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಶುರುವಾದ ಸಿಂಗರ್ ವೆಹಿಕಲ್ ಡಿಸೈನ್ ಈ ಅದೃಷ್ಟದ ಮೇಲೇ ಮನೆ ಕಟ್ಟಿಕೊಂಡಿತು. ಕಟ್ಟಿದವರು ರಾಬ್ ಡಿಕಿನ್ಸನ್. ಇಂಗ್ಲೆಂಡಿನವರು, ಮೊದಲು ರಾಕ್ ಬ್ಯಾಂಡಿನಲ್ಲಿ ಹಾಡುತ್ತಿದ್ದವರು. ಸಿಂಗರ್ ಎಂಬ ಹೆಸರಿನಲ್ಲಿ ಅವರ ಹಳೆ ಕಸುಬೂ ಇದೆ, ಪೋರ್ಷೆಯ ರೇಸಿಂಗ್ ಎಂಜಿನಿಯರ್ ನಾರ್ಬರ್ಟ್ ಸಿಂಗರ್ ಅವರಿಗೆ ಗೌರವವೂ ಇದೆ. ಅವರ ಕೆಲಸದ ಕ್ರಮ ಹೀಗೆ: ಗಿರಾಕಿ ತನ್ನ 964 ಕಾರನ್ನು ತಂದುಕೊಡುತ್ತಾನೆ. ಅದನ್ನು ಬರೀ ಲೋಹದ ಗೂಡಾಗುವವರೆಗೂ ಬಿಚ್ಚುತ್ತಾರೆ. ಉಕ್ಕಿನ ಬಾಗಿಲು ಬಿಟ್ಟು ಹೊರಗಿನ ಹಾಳೆಗಳೆಲ್ಲ ಕಾರ್ಬನ್ ಫೈಬರ್‌ಗೆ ಬದಲಾಗುತ್ತವೆ, 1974ಕ್ಕೂ ಮುಂಚಿನ ಉದ್ದ ಬಾನೆಟ್‌ನ ಆಕಾರದಲ್ಲಿ. ಎಂಜಿನ್ನನ್ನು 4 ಲೀಟರಿನವರೆಗೂ ಹಿಗ್ಗಿಸುತ್ತಾರೆ. ಹೀಗೆ ಹೊಸ ಮಾದರಿಗೆ ಹಳೆ ಮಾದರಿಯ ರೂಪ ಕೊಡುವುದಕ್ಕೆ ಬ್ಯಾಕ್‌ಡೇಟಿಂಗ್ ಎಂಬ ಮಾತಿದೆ. ಚೆಕ್ಕಿನ ಮೇಲೆ ಹಿಂದಿನ ತಾರೀಖು ಬರೆದ ಹಾಗೆ. ಕಾನೂನಿನ ದೃಷ್ಟಿಯಲ್ಲಿ ಸಿಂಗರ್ ಕಾರು ತಯಾರಿಸುವುದೂ ಇಲ್ಲ, ಮಾರುವುದೂ ಇಲ್ಲ. ಗಿರಾಕಿಯ ಕಾರನ್ನು ರಿಪೇರಿ ಮಾಡಿಕೊಡುತ್ತದೆ, ಅಷ್ಟೇ. ನಮ್ಮ ಚಾಚಾ ಮಾಡುವುದೂ ಅದನ್ನೇ. ಬಿಲ್ಲಿನಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ.

ಈ ಎಲ್ಲ ಕಾರುಗಳ ಗುಟ್ಟು ಬಯಲು ಮಾಡುವ ಒಂದು ಭಾಗವಿದೆ: ಮುಂದಿನ ಗಾಜು. ತಗಡನ್ನು ಬಡಿದು ಬಗ್ಗಿಸಬಹುದು, ಫೈಬರನ್ನು ಅಚ್ಚಿನಲ್ಲಿ ಎರೆಯಬಹುದು. ಗಾಜು ಯಾರ ಮಾತೂ ಕೇಳುವುದಿಲ್ಲ. ಕಾರಿನ ಮುಂಗಾಜು ಅಂದರೆ ಎರಡು ಗಾಜಿನ ಹಾಳೆ, ನಡುವೆ ಒಂದು ಪ್ಲಾಸ್ಟಿಕ್ ಪದರ. ಕಾಯಿಸಿ, ಅಚ್ಚಿನ ಮೇಲೆ ಬಗ್ಗಿಸಿ, ಒತ್ತಿ ಅಂಟಿಸಿದ್ದು. ಹೊಸ ಆಕಾರಕ್ಕೆ ಹೊಸ ಅಚ್ಚು ಬೇಕು, ಸುರಕ್ಷತೆಯ ಪರೀಕ್ಷೆ ಬೇಕು. ಇಪ್ಪತ್ತು ಮೂವತ್ತು ಕಾರಿಗೆ ಆ ಖರ್ಚು ಗಿಟ್ಟುವುದಿಲ್ಲ. ಇನ್ನೊಂದು ಕಾರಣ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಹೊಸ ಕಾರುಗಳಲ್ಲಿ ಮುಂಗಾಜನ್ನು ಬಾಡಿಗೆ ಗಟ್ಟಿಯಾಗಿ ಅಂಟಿಸಿರುತ್ತಾರೆ, ಅದೂ ಪೆಟ್ಟಿಗೆಯ ಬಲದ ಒಂದು ಪಾಲು. ಎಡಗಡೆ ಕೂತವರ ಏರ್‌ಬ್ಯಾಗ್ ಉಬ್ಬುವಾಗ ಎಷ್ಟೋ ಕಾರುಗಳಲ್ಲಿ ಆ ಗಾಜಿಗೇ ಒರಗಿ ಎದೆಯ ಕಡೆ ತಿರುಗುತ್ತದೆ. ಗಾಜಿನ ಕೋನ ಬದಲಿಸಿದರೆ ಏರ್‌ಬ್ಯಾಗಿನ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಹೆಚ್ಚಿನವರು ತಳದ ಕಾರಿನ ಗಾಜನ್ನೇ ಉಳಿಸಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುತ್ತಾರೆ. 1960ರ ದಶಕದ ಕಾರಿನ ಗಾಜು ನೆಟ್ಟಗೆ ನಿಂತಿರುತ್ತಿತ್ತು, ಬದಿಯ ಕಂಬ ಬೆರಳಿನಷ್ಟು ಸಣ್ಣ. ಈಗಿನದು ಹಿಂದಕ್ಕೆ ಮಲಗಿರುತ್ತದೆ, ಕಾರು ಪಲ್ಟಿ ಹೊಡೆದರೂ ತಲೆ ಉಳಿಯಲೆಂದು ಕಂಬ ದಪ್ಪ. ಹಳೆ ಮುಖದ ಮೇಲೆ ಹಿಂದಕ್ಕೆ ಮಲಗಿದ ಗಾಜು ಕಂಡರೆ ಒಳಗೆ ಬೇರೆ ಕಾರಿದೆ ಅಂತಲೇ ತಿಳಿಯಿರಿ.

ಗಾಳಿಯದ್ದೂ ಒಂದು ಜಗಳವಿದೆ. ಹಳೆಯ ಕಾರುಗಳನ್ನು ಚಂದಕ್ಕೆಂದು ಬಿಡಿಸಿದ್ದರು. ವೇಗ ಹೆಚ್ಚಿದಂತೆ ಮೇಲೆ ಹರಿಯುವ ಗಾಳಿ ಕಾರನ್ನು ಎತ್ತುತ್ತಿತ್ತು. ಫೋರ್ಡ್ ಕಂಪನಿ 1966ರಿಂದ 69ರವರೆಗೆ ಲೆ ಮಾನ್ಸ್ ರೇಸ್ ಗೆದ್ದ ತನ್ನ ಜಿಟಿ40 ಆಕಾರವನ್ನು 2004ರ ಹೊತ್ತಿಗೆ ಫೋರ್ಡ್ ಜಿಟಿ ಎಂದು ಮತ್ತೆ ತಂದಾಗ ಈ ಸಮಸ್ಯೆ ಎದುರಾಯಿತು. ಮೇಲಿನ ಗೆರೆ ಕೆಡಿಸುವ ಹಾಗಿಲ್ಲ, ಹಿಂದೆ ರೆಕ್ಕೆ ಹಚ್ಚುವ ಹಾಗಿಲ್ಲ. ಎಂಜಿನಿಯರುಗಳು ಯಾರೂ ಬಗ್ಗಿ ನೋಡದ ಜಾಗಕ್ಕೆ ಹೋದರು: ಕಾರಿನ ಹೊಟ್ಟೆಗೆ. ಅಡಿಭಾಗದಲ್ಲಿ ಗಾಳಿ ಹರಿಯುವ ಕಾಲುವೆಗಳನ್ನು ಮಾಡಿ, ನೆಲದ ಕಡೆಯಿಂದ ಕಾರನ್ನು ಹೀರಿ ಹಿಡಿಯುವಂತೆ ಮಾಡಿದರು. ಜಿಟಿ40 ಹೆಸರಿನ 40 ಅಂದರೆ ಅದರ ಎತ್ತರ, 40 ಇಂಚು. ಹೊಸದು 44 ಇಂಚು. ಇಂದಿನ ಉದ್ದನೆಯ ಮನುಷ್ಯ, ಇಂದಿನ ಸೀಟು, ಇಂದಿನ ಕಾನೂನು ಮೂರನ್ನೂ 40 ಇಂಚಿನಲ್ಲಿ ತುರುಕಲು ಬರಲಿಲ್ಲ. ಕಂಪನಿಯೇ ಹೊಸದಾಗಿ ಕಟ್ಟಿದರೂ ಈ ಗತಿ ಅಂದಮೇಲೆ ಇನ್ನೊಬ್ಬರ ಕಾರಿನ ಮೇಲೆ ಕಟ್ಟುವವರ ಪಾಡು ಊಹಿಸಿಕೊಳ್ಳಿ.

ಬಾಡಿ ಹೇಗೆ ತಯಾರಾಗುತ್ತದೆ ಅನ್ನುವುದಕ್ಕೆ ಕೊಪ್ಪಳದ ಕಡೆಯವರಿಗೆ ಹೆಚ್ಚು ವಿವರಣೆ ಬೇಡ. ಕಿನ್ನಾಳದ ಚಿತ್ರಗಾರರು ಹಗುರ ಮರದ ಮೂರ್ತಿಯ ಸಂದುಗಳನ್ನು ಮುಚ್ಚಿ ಉಬ್ಬುತಗ್ಗು ತರಲು ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಮೆತ್ತುತ್ತಾರೆ. ನಾರು ಬಲ ಕೊಡುತ್ತದೆ, ಅಂಟು ಹಿಡಿದಿಡುತ್ತದೆ. ಫೈಬರ್‌ಗ್ಲಾಸ್ ಅಂದರೆ ಗೋಣಿನಾರಿನ ಬದಲು ಗಾಜಿನ ನಾರು, ಹುಣಸೆ ಅಂಟಿನ ಬದಲು ರೆಸಿನ್. ಗಾಜಿನ ಜಾಗದಲ್ಲಿ ಇಂಗಾಲದ ನಾರು ಬಂದರೆ ಕಾರ್ಬನ್ ಫೈಬರ್. ಹಳೆ ಕಾರನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಹೊಸ ಅಳತೆಗೆ ಎಳೆದು, ಜೇಡಿ ಅಥವಾ ಫೋಮಿನಲ್ಲಿ ಪೂರ್ಣಾಕಾರದ ಮಾದರಿ ಕೆತ್ತಿ, ಅದರಿಂದ ಅಚ್ಚು ತೆಗೆದು, ಅಚ್ಚಿನೊಳಗೆ ನಾರು ಹಾಸುತ್ತಾರೆ. ಉಳಿದದ್ದು ಎಲ್ಲ ಗ್ಯಾರೇಜಿನಲ್ಲೂ ಇರುವ ಕೆಲಸವೇ: ಪುಟ್ಟಿ, ಉಜ್ಜುಕಾಗದ, ಪೇಂಟು, ಮತ್ತೆ ಉಜ್ಜುಕಾಗದ.

ಹೆಸರುಗಳ ಗೊಂದಲವನ್ನು ಬೇಗ ಮುಗಿಸಿಬಿಡುತ್ತೇನೆ. ಹೊಸ ಕಾರಿಗೆ ಹಳೆ ಬಾಡಿಯಾದರೆ ರೀಬಾಡಿ. ಹಳೆ ಕಾರಿನೊಳಗೇ ಹೊಸ ಎಂಜಿನ್ನು, ಬ್ರೇಕು ಹಾಕಿದರೆ ರೆಸ್ಟೋಮಾಡ್. ಯಾವುದೋ ಕಾರಿನ ಮೇಲೆ ಇನ್ನಾವುದೋ ಕಂಪನಿಯ ಆಕಾರ ಕೂರಿಸಿದರೆ ರೆಪ್ಲಿಕಾ. ಮೂಲ ಕಂಪನಿಯೇ ಹಳೆ ನಕ್ಷೆಯಂತೆ ಮತ್ತೆ ಕಟ್ಟಿದರೆ ಕಂಟಿನ್ಯುಯೇಷನ್. ಜಾಗ್ವಾರ್ ಕಂಪನಿಯ ಕಾರ್ಖಾನೆಗೆ 1957ರಲ್ಲಿ ಬೆಂಕಿ ಬಿದ್ದು ಎಕ್ಸ್‌ಕೆಎಸ್ಎಸ್ ಕಾರುಗಳಲ್ಲಿ 9 ಸುಟ್ಟುಹೋಗಿದ್ದವು. ಆರು ದಶಕದ ಬಳಿಕ ಕಂಪನಿ ಸರಿಯಾಗಿ 9 ಕಾರು ಮತ್ತೆ ಕಟ್ಟಿತು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಇವ್ಯಾವುದೂ ಅಲ್ಲ, ಹಳೆಯ ರೂಪದಲ್ಲಿ ಹುಟ್ಟಿದ ಹೊಸ ಗಾಡಿ. 2018ರ ಜಾವಾ ಕೂಡ ಹಾಗೇ. ಅದರ ಎಂಜಿನ್ ತಣ್ಣಗಾಗುವುದು ರೇಡಿಯೇಟರಿನಿಂದ. ಆದರೂ ಗಾಳಿಯಿಂದ ತಣ್ಣಗಾಗುತ್ತಿದ್ದ ಕಾಲದ ಗೆರೆಗೆರೆ ರೆಕ್ಕೆಗಳನ್ನು ಎಂಜಿನ್ ಮೇಲೆ ಉಳಿಸಿದ್ದಾರೆ. ಅದೂ ಒಂದು ಥರ ಉಜ್ಜಿ ಮಾಸಿಸಿದ ಜೀನ್ಸೇ.

ಆಕಾರದ ಒಡೆಯ ಯಾರು ಅನ್ನುವುದು ಮಾತ್ರ ಬೇಗ ಮುಗಿಯುವ ಮಾತಲ್ಲ. 1980ರ ದಶಕದಲ್ಲಿ ಅಮೆರಿಕದ ಜನಪ್ರಿಯ ಟಿವಿ ಧಾರಾವಾಹಿಯೊಂದರಲ್ಲಿ ಪತ್ತೇದಾರನೊಬ್ಬ ಕಪ್ಪು ಫೆರಾರಿ ಡೇಟೋನಾ ಓಡಿಸುತ್ತಿದ್ದ. ಅದು ಫೆರಾರಿಯೇ ಅಲ್ಲ, ಕಾರ್ವೆಟ್ ಮೇಲೆ ಕೂರಿಸಿದ ಫೈಬರ್‌ಗ್ಲಾಸ್. ಫೆರಾರಿ ಮೊಕದ್ದಮೆ ಹೂಡಿತು. ಮುಂದೆ ಧಾರಾವಾಹಿಯಲ್ಲೇ ಆ ಕಾರನ್ನು ಸಿಡಿಸಿ, ಅಸಲಿ ಟೆಸ್ಟರೋಸಾ ತಂದರು. ಡೇಟೋನಾ ಮತ್ತು ಟೆಸ್ಟರೋಸಾದ ಆಕಾರದ ನಕಲು ಮಾರುತ್ತಿದ್ದ ಇನ್ನೊಬ್ಬ ತಯಾರಕನ ವಿರುದ್ಧದ ಪ್ರಕರಣದಲ್ಲಿ 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಫೆರಾರಿಯ ಪರ ನಿಂತಿತು. ಕೊಳ್ಳುವವನಿಗೆ ನಕಲು ಅಂತ ಗೊತ್ತಿದ್ದರೆ ಸಾಲದು, ರಸ್ತೆಯಲ್ಲಿ ನೋಡುವವನಿಗೂ ಮೋಸವಾಗಬಾರದು ಎಂಬ ವಾದಕ್ಕೆ ಅಲ್ಲಿ ಬೆಲೆ ಬಂತು. 1962ರಿಂದ 64ರ ನಡುವೆ ಬರೀ 36 ತಯಾರಾದ ಫೆರಾರಿ 250 ಜಿಟಿಒ ವಿಷಯದಲ್ಲಿ ಇಟಲಿಯ ಬೊಲೋನಿಯಾ ನ್ಯಾಯಾಲಯ 2019ರಲ್ಲಿ ಇನ್ನೂ ಮುಂದೆ ಹೋಗಿ, ಆ ಆಕಾರ ಕಲಾಕೃತಿ ಎಂದಿತು. 2023ರಲ್ಲಿ ಅಂಥದೊಂದು ಕಾರು ಹರಾಜಿನಲ್ಲಿ 5 ಕೋಟಿ ಡಾಲರ್ ದಾಟಿದಾಗ ಆ ಮಾತು ಉತ್ಪ್ರೇಕ್ಷೆ ಅನಿಸಲಿಲ್ಲ.

ಜಾಣರು ನಡುದಾರಿ ಹಿಡಿಯುತ್ತಾರೆ. ಇಂಗ್ಲೆಂಡಿನ ಆರ್‌ಎಂಎಲ್ ಕಂಪನಿ ಫೆರಾರಿ 550 ಮರನೆಲ್ಲೋ ಮೇಲೆ ಕಾರ್ಬನ್ ಫೈಬರ್ ಬಾಡಿ ಕಟ್ಟಿತು. ನೋಡಿದವರಿಗೆ 1960ರ ಆಸುಪಾಸಿನ ಫೆರಾರಿ 250 ಜಿಟಿ ನೆನಪಾಗುತ್ತದೆ. ಇಟ್ಟ ಹೆಸರು ಮಾತ್ರ ಬರೀ 'ಶಾರ್ಟ್ ವೀಲ್‌ಬೇಸ್'. ತಮಾಷೆಯೆಂದರೆ ಮೂಲದ ವೀಲ್‌ಬೇಸ್ 2400 ಮಿಮೀ, 550ರದು 2500. ಗಿಡ್ಡ ಅನ್ನುವ ಹೆಸರಿನ ಕಾರು ಮೂಲಕ್ಕಿಂತ ಉದ್ದ.

ಕಂಪನಿಗೇ ಹಕ್ಕಿದ್ದರೂ ಎಲ್ಲ ಸಲೀಸಲ್ಲ. ಲ್ಯಾಂಬೋರ್ಗಿನಿ 2021ರಲ್ಲಿ ತನ್ನದೇ ಕೌಂಟಾಶ್ ಹೆಸರು, ಗೆರೆಗಳನ್ನು ಹೊಸ ಹೈಬ್ರಿಡ್ ಕಾರಿನ ಮೇಲೆ ಹೊದಿಸಿ 112 ಕಾರು ತಂದಿತು. ಮೂಲ ಕೌಂಟಾಶ್ ವಿನ್ಯಾಸ ಮಾಡಿದ್ದ ಮಾರ್ಚೆಲ್ಲೋ ಗಾಂದೀನಿ, ಇದರಲ್ಲಿ ತನ್ನ ಪಾಲಿಲ್ಲ, ಒಪ್ಪಿಗೆಯೂ ಇಲ್ಲ ಎಂದು ಬಹಿರಂಗವಾಗಿ ತಿಳಿಸಿದರು. ಮೇಲೆ ಹೇಳಿದ ಸ್ಟ್ರಾಟೋಸ್ ಕೂಡ ಅವರದೇ ಕೈಕೆಲಸ. ಹಿಂದೆ ಯಾರೂ ಕಾಣದ್ದನ್ನು ಬಿಡಿಸಿ ಹೆಸರು ಮಾಡಿದವರು ಅವರು. ತಮ್ಮ ಗೆರೆಯೇ ತಿರುಗಿ ಬಂದಾಗ ಖುಷಿಪಡಬೇಕು ಎಂದು ನಿರೀಕ್ಷಿಸುವುದೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಬಳ್ಳಾರಿಯ ಕೆಎ-34 ನಂಬರಿನಲ್ಲಿ ಇಂಥದೊಂದು ಕಾರು ಓಡೀತೇ? ಗಣಿ ದುಡ್ಡು ಹರಿದ ಕಾಲದಲ್ಲಿ ಬಳ್ಳಾರಿ, ಸಂಡೂರು ದಾರಿಯಲ್ಲಿ ಕೆಂಪು ಧೂಳು ಹೊದ್ದ ವಿದೇಶಿ ಕಾರುಗಳನ್ನು ಕಂಡವರು ಆಗದ್ದೇನಿದೆ ಅನ್ನಬಹುದು. ಕಾನೂನು ಅಡ್ಡ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಹೇಳಿದ ಮೂಲ ವಿವರಗಳಿಗೆ ಆರ್‌ಸಿಯಲ್ಲಿರುವುದು ಹೊಂದದಂತಾಗುವ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಲಾರಿಗೆ ಬಾಡಿ ಕಟ್ಟಬಹುದು, ಏಕೆಂದರೆ ಕಂಪನಿ ಮಾರಿದ್ದೇ ಬಾಡಿಯಿಲ್ಲದ ಚಾಸಿಸ್ಸನ್ನು. ಕಾರು ಹಾಗಲ್ಲ. ಹೊರಗಿನಿಂದ ತರಿಸೋಣವೆಂದರೆ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಿರಬಾರದು, ಸ್ಟಿಯರಿಂಗ್ ಬಲಗಡೆ ಇರಬೇಕು. ಕಾರ್ವೆಟ್ ಸಿ6 ಎರಡರಲ್ಲೂ ಫೇಲು. ವಿಂಟೇಜ್ ಎಂದು ನೋಂದಾಯಿಸಿ, 2021ರ ನಿಯಮದ ವಿಎ ಸರಣಿಯ ನಂಬರು ಪಡೆಯೋಣವೆಂದರೆ ಕಾರಿಗೆ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್ ಮೂಲದಂತೆಯೇ ಉಳಿದಿರಬೇಕು. ಮುಖಕ್ಕೆ ಅರವತ್ತು, ಮೈಗೆ ಇಪ್ಪತ್ತು ವಯಸ್ಸಿನ ಕಾರು ಯಾವ ಸಾಲಿನಲ್ಲೂ ನಿಲ್ಲುವುದಿಲ್ಲ. ಅಮೆರಿಕ 2015ರ ಕಾನೂನಿನಲ್ಲಿ ಇಂಥವರಿಗೆಂದೇ ಒಂದು ಕಿಟಕಿ ತೆರೆಯಿತು: ಕನಿಷ್ಠ 25 ವರ್ಷ ಹಳೆಯ ಕಾರಿನ ಪ್ರತಿರೂಪವನ್ನು ಸಣ್ಣ ತಯಾರಕರು ವರ್ಷಕ್ಕೆ 325ರವರೆಗೆ ಮಾಡಬಹುದು. ಅದರ ನಿಯಮಗಳು ಅಂತಿಮವಾಗಲು ವರ್ಷಗಳೇ ಹಿಡಿದವು.

ಅವತ್ತು ಚಾಚಾಗೆ ನಾನು ಈ ಅಳತೆ, ಇಂಚು ಯಾವುದನ್ನೂ ಹೇಳಿರಲಿಲ್ಲ. ಬಂಪರ್ ಕೂರಿಸಿ ಮುಗಿಸಿ, ಕೈ ಒರೆಸಿಕೊಂಡು, ಆ ಫೋಟೋ ಇನ್ನೊಮ್ಮೆ ತೋರಿಸು ಅಂದರು. ಎರಡು ಬೆರಳಲ್ಲಿ ಹಿಗ್ಗಿಸಲು ಬಾರದೆ ನನ್ನ ಕೈಲೇ ಹಿಗ್ಗಿಸಿಸಿದರು. ಮುಂಚಕ್ರ ಮತ್ತು ಬಾಗಿಲಿನ ನಡುವಿನ ಜಾಗದ ಮೇಲೆ ಉಗುರಿಟ್ಟು, "ಇಲ್ಲಿ ಏನೋ ಹೆಚ್ಚಿಗಿ ಐತಿ ನೋಡು" ಅಂದರು. ಉಗುರು ಮೇಲಕ್ಕೆ ಸರಿದು ಮುಂಗಾಜಿನ ಮೇಲೆ ನಿಂತಿತು.

"ಇದು ಒಡದ್ರ ಎಲ್ಲಿ ಸಿಗತೈತಿ?"

"ಒಳಗಿನ ಗಾಡೀದೇ ಗಾಜು ಚಾಚಾ. ಅಲ್ಲಿ ಅಂಗಡ್ಯಾಗ ಸಿಗತೈತಿ."

"ಹಂಗಾದ್ರ ಮಾಡಿದವ ಶಾಣ್ಯಾ ಅದಾನ" ಅಂದು, ಮೊಬೈಲ್ ನನ್ನ ಕೈಗಿಟ್ಟು, ಟ್ರೇಲರಿನ ಡಾಲಾ ಬಡಿಯಲು ಎದ್ದರು.